ಎದುರಿನ ಶಿಖರ

ರೀ ಹಾರ್ಲನ್,

ಮುಸುಕು ತೆಗೆದು ಓದಿ. ಹೋದ ಶನಿವಾರ ನೀವು ಹತ್ತಬೇಕೆಂದಿದ್ದ ಶಿಖರಗಳ ಪಟ್ಟಿಯಲ್ಲಿ ಕೊನೆಯದೆಂದು ಶಾಂಪೇನ್ ಚಿಮ್ಮಿಸಿದ್ದು ಅದರ ಪಕ್ಕದ ಗುಡ್ಡದ ಮೇಲೆ. ಆಯಿತು, ಅದಕ್ಕೆ ವಾರವಿಡೀ ಗೋಡೆಗೆ ಮುಖ ಮಾಡಿ ಮಲಗಬೇಕೇ?

ಚಾರಣ ಕ್ಲಬ್ಬಿನವರೆಲ್ಲ ಮತ್ತೆ ಬಂದಿದ್ದಾರೆ, ಕೇಕೂ ತಂದಿದ್ದಾರೆ. ಈ ಸಲ ನಾನೂ ಹತ್ತುತ್ತೇನೆ. ಬೆಟ್ಟದ ಬುಡದಲ್ಲಿ ಕಾಯುತ್ತೇವೆ, ಮರುಭೂಮಿ ಕಾಯುವ ಮೊದಲು ಬನ್ನಿ.

ಕಾಫಿ ಫ್ಲಾಸ್ಕಿನಲ್ಲಿದೆ. ನಿಮ್ಮ ಬಾಚಣಿಗೆಯನ್ನೇ ತನ್ನಿ. ಹೋದ ಸಲ ನಿಮ್ಮ ಹಿಂಭಾಗಕ್ಕೆ ಚುಚ್ಚಿದ್ದ ಕಳ್ಳಿಮುಳ್ಳು ಕಿತ್ತ ನನ್ನ ಬಾಚಣಿಗೆಯಲ್ಲಿ ನಾನಿನ್ನು ತಲೆ ಬಾಚಲಾರೆ.

ಕ್ಲಬ್ಬಿನ ಲೋರ್ನಾ ಈಗಷ್ಟೇ ಬಾಯಿಬಿಟ್ಟಳು: "ಎದುರಿಗಿರೋದೇ ಎತ್ತರ ಅಂತ ನಮಗೆಲ್ಲ ಕಾಣ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?" ಎಂದೆ.

"ಪಾಪ, ಖುಷಿಗೆ ಗೊಳೋ ಅಂತ ಅಳ್ತಿದ್ರು ಕಣೆ. ಹೆಂಗೆ ಹೇಳೋದು?"

ಇವತ್ತು ಮೊದಲು ಸುತ್ತ ನೋಡಿ. ಆಮೇಲೆ ಅಳಿ.

ಬರ್ನೀಸ್