ನಿಧಾನವಾಗಿ ಹೋದವನ ಕಾರನ್ನು ಪೀಠಕ್ಕೇರಿಸಿದವರಿಗೆ

ಮಾನ್ಯ ರಸ್ತೆ ಸುರಕ್ಷತಾ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿಯ ಮುಂದಿನ ವೃತ್ತದಲ್ಲಿ ಸಿಮೆಂಟಿನ ಪೀಠ ಕಟ್ಟಿಸಿ, ಅದರ ಮೇಲೆ ನುಜ್ಜುಗುಜ್ಜಾದ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ನಿಲ್ಲಿಸಿದ್ದೀರಲ್ಲ, ಅದು ನನ್ನ ತಮ್ಮನದು. ತನಿಖೆ ಮುಗಿದ ಮೇಲೆ ಹಿಂದಿರುಗಿಸುತ್ತೇವೆಂದು ಹೇಳಿ ಒಯ್ದ ಕಾರು ಅದು. ಅದರ ಪಕ್ಕದಲ್ಲಿ ಆಳೆತ್ತರದ ಹಲಗೆ ನೆಟ್ಟು, ‘ಇವನಿಗೆ ಅವಸರವಿತ್ತು. ನಿಮಗೂ ಇದೆಯೇ?’ ಎಂದು ಬರೆಸಿದ್ದೀರಿ. ಅವನಿಗೆ ಅವಸರವಿರಲಿಲ್ಲ. ಆ ಸಾಲು ಸುಳ್ಳು. ಅದನ್ನು ಕೆಳಗಿಳಿಸಿ ಎಂದು ಕೇಳಲು ನಿಮ್ಮ ಮೆಟ್ಟಿಲು ಹತ್ತಿ ಇಳಿದು ಸಾಕಾಗಿದೆ. ಅದಕ್ಕೇ ಈಗ ಊರಿಗೆಲ್ಲ ಕೇಳಿಸುವಂತೆ ಕೇಳುತ್ತಿದ್ದೇನೆ.

ನಮ್ಮಮ್ಮನಿಗೆ ಆ ಹಲಗೆ ಕಾಣುತ್ತದೆ, ಸ್ವಾಮೀ. ಮೊದಲಾಗಿದ್ದರೆ ಕಾಣುತ್ತಿರಲಿಲ್ಲ, ಕಣ್ಣಿಗೆ ಪೊರೆ ಬಂದಿತ್ತು. ಪೊರೆ ತೆಗೆಸಿಕೊಂಡು ಮನೆಗೆ ಬರುವ ದಾರಿಯಲ್ಲೇ ಅಪಘಾತವಾದದ್ದು. ಕಣ್ಣಿನ ಆಪರೇಷನ್ ಮಾತ್ರ ಬಹಳ ಚೆನ್ನಾಗಿ ಆಗಿದೆ. ಮತ್ತೆ ತಪಾಸಣೆಗೆಂದು ಅಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದಾಗ, ಬಸ್ಸು ನಿಮ್ಮ ವೃತ್ತ ಸುತ್ತುತ್ತಿದ್ದಂತೆ ಆಕೆ ಮೊದಲು ಕಾರು ನೋಡಿದಳು, ಆಮೇಲೆ ಹಲಗೆಯನ್ನು ಗಟ್ಟಿಯಾಗಿ ಓದಿದಳು. ಓದಿ ನನ್ನ ಕಡೆ ತಿರುಗಿ, “ಯಾರಿಗೇ ಅವಸರ ಇದ್ದಿದ್ದು?” ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನ ಪುಣ್ಯಾತ್ಮರೊಬ್ಬರು, “ದುಡ್ಡಿನ ಕೊಬ್ಬು ಕಣಮ್ಮಾ, ಇಂಥೋರಿಗೆ ಹಿಂಗೇ ಆಗ್ಬೇಕು” ಎಂದರು. ಮುಂದಿನ ನಿಲ್ದಾಣದಲ್ಲಿ ಅಮ್ಮನ ಕೈ ಹಿಡಿದು ಇಳಿಸಿಕೊಂಡೆ. ಅಲ್ಲಿಂದ ಆಸ್ಪತ್ರೆಗೆ ನಡೆದೇ ಹೋದೆವು.

ಸ್ಪೋರ್ಟ್ಸ್ ಕಾರು ಇಟ್ಟುಕೊಂಡವನು ಎಂದರೆ ನಿಮ್ಮ ಕಣ್ಣ ಮುಂದೆ ಯಾರು ಬರುತ್ತಾರೋ ನನಗೆ ಗೊತ್ತಿದೆ. ಕಪ್ಪು ಕನ್ನಡಕ, ಎದೆಯ ಗುಂಡಿ ಬಿಚ್ಚಿದ ಅಂಗಿ, ಅಪ್ಪನ ಆಸ್ತಿ. ನನ್ನ ತಮ್ಮ ಹಲ್ಲಿನ ಲ್ಯಾಬಿನಲ್ಲಿ ಕೃತಕ ಹಲ್ಲು ಮಾಡುತ್ತಿದ್ದವನು. ಇಡೀ ದಿನ ಪುಟ್ಟ ದೀಪದ ಕೆಳಗೆ ಯಾರದೋ ದವಡೆಹಲ್ಲನ್ನು ತಿಕ್ಕಿ, ನೋಡಿ, ಮತ್ತೆ ತಿಕ್ಕುವುದು ಅವನ ಕೆಲಸ. ಚಿಕ್ಕಂದಿನಲ್ಲಿ ಆ ಕಾರಿನ ಚಿತ್ರವನ್ನು ಮಂಚದ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದ. ದೊಡ್ಡವನಾದ ಮೇಲೂ ಆ ಹುಚ್ಚು ಬಿಡಲಿಲ್ಲ. ಕೊನೆಗೆ ವಯಸ್ಸಾದ ದಂತವೈದ್ಯರೊಬ್ಬರು, ಬಗ್ಗಿ ಒಳಗೆ ಕೂರಲು ಸೊಂಟ ಕೊಡುವುದಿಲ್ಲವೆಂದು ಮಾರಿದ ಹಳೆಯ ಕಾರನ್ನು ಕೊಂಡ. ಕೊಂಡು ಏನು ಮಾಡಿದ? ತೊಳೆದ. ಒರೆಸಿದ. ರಜೆಯ ದಿನ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೈಕಲ್ಲಿನವರಿಗೂ ದಾರಿ ಬಿಟ್ಟುಕೊಡುತ್ತ ಊರು ಸುತ್ತಿಬಂದ. ಅಂಥ ಕಾರಿನವರ ಒಂದು ಕೂಟವಿತ್ತು. ಅಲ್ಲಿ ಮದುವೆಯೂ ಆಗದ ನನ್ನ ತಮ್ಮನಿಗೆ ಇಟ್ಟಿದ್ದ ಹೆಸರು ‘ತಾತ’. “ದಾರಿ ಬಿಡ್ರೋ, ತಾತ ಬರ್ತಿದಾರೆ, ನಾಳೆಯೊಳಗೆ ಮನೆ ಸೇರ್ಬೇಕಂತೆ” ಎಂದು ರೇಗಿಸುತ್ತಿದ್ದರು. ಇವನು ಹಲ್ಲು ಬಿಟ್ಟು ನಗುತ್ತಿದ್ದ. ಅಷ್ಟು ನಿಧಾನ ಓಡಿಸೋಕೆ ಈ ಕಾರು ಯಾಕೋ ಎಂದು ನಾನೇ ಒಮ್ಮೆ ಕೇಳಿದ್ದಕ್ಕೆ, “ಓಡ್ಸೋಕಲ್ಲ ಅಕ್ಕಾ, ಒಳಗೆ ಕೂತ್ಕೊಳ್ಳೋಕೆ” ಎಂದಿದ್ದ.

ಕಾರಿನ ಟೈರು ಸವೆದಿತ್ತು, ಹೊಸದು ಹಾಕಿಸಬೇಕಿತ್ತು. ವಿಷಯ ಇಷ್ಟೇ. ಆದರೆ ಅಬ್ಬಾ, ಆ ಟೈರಿನ ದೆಸೆಯಿಂದ ಅವನು ನನ್ನ ತಲೆ ತಿಂದದ್ದು ಅಷ್ಟಿಷ್ಟಲ್ಲ! ನನ್ನದು ಪಾದರಕ್ಷೆಯ ಅಂಗಡಿ. ಮಧ್ಯಾಹ್ನದ ಬಿಡುವಿನಲ್ಲಿ ಬಂದು, ಗಿರಾಕಿಗಳು ಬೂಟು ಹಾಕಿ ನೋಡುವ ಗಿಡ್ಡ ಸ್ಟೂಲಿನ ಮೇಲೆ ಕೂತು ಶುರು ಮಾಡುತ್ತಿದ್ದ. ಅವನ ಮುಂದೆ ಮೂರು ಬಗೆಯ ಟೈರುಗಳಿದ್ದವು. ಕಾರು ತಯಾರಿಸಿದವರೇ ಮೊದಲು ಹಾಕಿದ್ದಂಥದ್ದು ಒಂದು. ಮಳೆನೀರು ಹರಿದುಹೋಗಲು ಆಳವಾದ ಕಚ್ಚುಗಳಿರುವ, ಚಳಿಗೂ ಮಳೆಗೂ ಆಗುವಂಥದ್ದು ಇನ್ನೊಂದು. ಅದನ್ನು ಕೂಟದವರು ‘ಸಂಸಾರಸ್ಥರ ಟೈರು’ ಎಂದು ಗೇಲಿ ಮಾಡುತ್ತಿದ್ದರಂತೆ. ಮೂರನೆಯದು ರೇಸಿನ ಟೈರಿನ ಖಾಸಾ ಸಂಬಂಧಿ. ಅದರ ಮೈ ಹೆಚ್ಚುಕಡಿಮೆ ನುಣುಪು, ಕಚ್ಚುಗಳು ಲೆಕ್ಕಕ್ಕಷ್ಟೇ, ರಬ್ಬರು ಮೆದು. ಊರ ರಸ್ತೆಯಲ್ಲೂ ಓಡಿಸಬಹುದೆಂದು ನಿಮ್ಮದೇ ಇಲಾಖೆಯ ಒಪ್ಪಿಗೆಯ ಮುದ್ರೆ ಅದಕ್ಕಿದೆ. ತಮ್ಮ ಇದನ್ನೇ ಆರಿಸಿದ. “ಬ್ರೇಕ್ ಹಾಕಿದ್ರೆ ಎಲ್ಲಕ್ಕಿಂತ ಬೇಗ ನಿಲ್ಲೋದು ಇದೇ ಅಕ್ಕಾ, ಪರೀಕ್ಷೆ ಮಾಡಿ ಬರ್ದಿದಾರೆ. ಪಕ್ಕದಲ್ಲಿ ಅಮ್ಮ ಕೂತಿರ್ತಾಳೆ. ಹಿಡಿತದಲ್ಲಿ ಚೌಕಾಸಿ ಮಾಡ್ಬಾರ್ದು, ಹಲ್ಲಾದ್ರೂ ಅಷ್ಟೇ, ಟೈರಾದ್ರೂ ಅಷ್ಟೇ.” ಆ ಪರೀಕ್ಷೆ ನಡೆದದ್ದು ಬಿಸಿಲಿಗೆ ಕಾದ ಒಣ ರೇಸ್ ಟ್ರ್ಯಾಕಿನಲ್ಲಿ ಎಂಬುದು ಅವನಿಗೂ ಹೊಳೆಯಲಿಲ್ಲ, ನನಗಂತೂ ಹೊಳೆಯುವ ಮಾತೇ ಇಲ್ಲ. ವೇಗದ ಆಸೆಗೆ ಅವನು ಆ ಟೈರು ಆರಿಸಲಿಲ್ಲ, ಮಾನ್ಯರೇ. ಭಯಕ್ಕೆ ಆರಿಸಿದ. ಇದನ್ನು ನಿಮ್ಮ ಹಲಗೆಯಲ್ಲಿ ಹೇಗೆ ಬರೆಸುತ್ತೀರಿ?

ಆ ಬೆಳಿಗ್ಗೆ ಚಳಿ ಕೊರೆಯುತ್ತಿತ್ತು, ಜಿನುಗು ಮಳೆ ಆಗಷ್ಟೇ ನಿಂತಿತ್ತು. ಕಣ್ಣಾಸ್ಪತ್ರೆಯಿಂದ ಅಮ್ಮನನ್ನು ಮನೆಗೆ ಕಳಿಸಿದ್ದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ. ಅಲುಗಾಡಿಸದೆ ಕರೆದುಕೊಂಡು ಹೋಗಿ ಎಂದು ವೈದ್ಯರು ಹೇಳಿದ್ದರು. ಆಸ್ಪತ್ರೆ ದಾಟಿದ ಮೇಲೆ ಇಳಿಜಾರು, ಕೊನೆಯಲ್ಲಿ ಸೇತುವೆಗೆ ತಿರುಗುವ ತಿರುವು. ಆ ತಿರುವಿನಲ್ಲಿ ಕಾರಿನ ಹಿಂಭಾಗ ಮೆಲ್ಲನೆ ಪಕ್ಕಕ್ಕೆ ಸರಿಯಿತು, ನಿಲ್ಲಲಿಲ್ಲ, ಅಡ್ಡಡ್ಡವಾಗಿ ಎದುರು ಬದಿಗೆ ಜಾರಿತು. ಎದುರಿಂದ ಜಲ್ಲಿ ತುಂಬಿದ ಲಾರಿ ಬರುತ್ತಿತ್ತು. ಲಾರಿ ಹೊಡೆದದ್ದು ನನ್ನ ತಮ್ಮ ಕೂತಿದ್ದ ಬದಿಗೆ. ಅಮ್ಮನಿಗೆ ಭುಜದ ಮೂಳೆ ಮುರಿಯಿತು, ಅಷ್ಟೇ. ತಮ್ಮ ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟ.

ನಿಮ್ಮ ವರದಿ ಏನು ಹೇಳುತ್ತದೆ? ‘ಅತಿವೇಗವೇ ಕಾರಣ.’ ಟೈರಿನ ಬಗ್ಗೆ? ‘ಹೊಸವು, ಉತ್ತಮ ಸ್ಥಿತಿಯಲ್ಲಿವೆ.’ ವಾಹ್! ಸತ್ತವನ ಬೂಟು ಹೊಳೆಯುತ್ತಿತ್ತು ಎಂದು ಬರೆದು ಕೈತೊಳೆದುಕೊಂಡ ಹಾಗಾಯಿತು. ವೇಗ ನಿಮಗೆ ಗೊತ್ತಾದದ್ದು ಹೇಗೆ ಎಂದು ಕೇಳಲು ಬಂದಾಗ ನೀವು ಕುರ್ಚಿಯಿಂದ ಅಲ್ಲಾಡದೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ಸ್ಪೋರ್ಟ್ಸ್ ಕಾರು ಯಾರಾದ್ರೂ ನಿಧಾನಕ್ಕೆ ಹೋಗೋಕೆ ತಗೋತಾರೇನಮ್ಮಾ?” ಪಕ್ಕದಲ್ಲೇ ಅಮ್ಮ ಕೂತಿದ್ದಳಲ್ಲ, ಅವಳನ್ನು ಕೇಳಬಹುದಿತ್ತಲ್ಲ ಎಂದೆ. “ಕಣ್ಣಿಗೆ ಪಟ್ಟಿ ಕಟ್ಕೊಂಡಿದ್ದೋರಿಗೆ ವೇಗ ಹೇಗೆ ಗೊತ್ತಾಗುತ್ತೆ? ಮೇಲಾಗಿ ತಾಯಿ. ಮಗನ ಪರ ಹೇಳ್ದೆ ಇನ್ನೇನು ಹೇಳ್ತಾರೆ?” ಸರಿ, ತಾಯಿ ಬೇಡ. ಕಾರಿನ ಹಿಂದೆಯೇ ಬರುತ್ತಿದ್ದ ಬ್ರೆಡ್ಡಿನ ವ್ಯಾನಿನ ಚಾಲಕ? ಅಮ್ಮನನ್ನು ಎತ್ತಿ ಹೊರಗೆ ತೆಗೆದವನೇ ಅವನು. ಬೇಕರಿಯಿಂದ ಬೇಕರಿಗೆ ವಿಚಾರಿಸಿ ಅವನನ್ನು ನಾನೇ ಹುಡುಕಿದೆ. “ಅಂಥಾ ಕಾರು, ಬಸವನಹುಳದ ಥರ ಹೋಗ್ತಿತ್ತಕ್ಕಾ. ನಂಗೆ ಅಂಗಡಿಗಳಿಗೆ ಹೊತ್ತಾಗ್ತಿತ್ತು, ಹಾರ್ನ್ ಹೊಡ್ದೂ ಹೊಡ್ದೂ ಸಾಕಾಯ್ತು. ಬಾಯಿಗೆ ಬಂದಂಗೆ ಬೈದೆ. ಬೈತಿರುವಾಗ್ಲೇ ಜಾರ್ತು” ಎಂದವನು ತಲೆ ತಗ್ಗಿಸಿಬಿಟ್ಟ. ಇದನ್ನು ತನಿಖೆಯವರಿಗೆ ಹೇಳಲಿಲ್ಲವೇನಪ್ಪಾ ಎಂದರೆ, “ಲೈಸೆನ್ಸ್ ತೋರ್ಸು ಅಂದ್ರು, ವ್ಯಾನ್ ಪಕ್ಕಕ್ಕೆ ಹಾಕು ಅಂದ್ರು. ಏನು ನೋಡ್ದೆ ಅಂತ ಯಾರೂ ಕೇಳ್ಲಿಲ್ಲ” ಎಂದ. ಅವನನ್ನು ನಿಮ್ಮಲ್ಲಿಗೆ ಕರೆತಂದೆ. ವರದಿ ಮುಗಿದುಹೋಗಿದೆ ಎಂದು ಹೇಳಿ ಕಳಿಸಿದಿರಿ. ಅವಸರ ಯಾರಿಗಿತ್ತು, ಮಾನ್ಯರೇ?

ಟೈರು ಹಾಕಿದವನು ಒಂದು ದಿನ ತಾನಾಗಿಯೇ ನಮ್ಮ ಮನೆಗೆ ಬಂದ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಬಾಗಿಲ ಬಳಿಯೇ ನಿಂತು, “ಆ ರಬ್ಬರು ಬಿಸಿಯಾದ್ರೇನೇ ನೆಲ ಹಿಡಿಯೋದಮ್ಮಾ. ಜೋರಾಗಿ ಓಡಿ ಓಡಿ ಬಿಸಿಯಾಗ್ಬೇಕು. ತಣ್ಣಗಿದ್ದು, ನೆಲಾನೂ ಒದ್ದೆ ಇದ್ರೆ, ಸೋಪಿನ ಮೇಲೆ ಕಾಲಿಟ್ಟಂಗೆ” ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಹಾಕುವಾಗ ಬಾಯಿಗೆ ಏನು ಬಡಿದಿತ್ತು ಎಂದು ಕೂಗಾಡಿದೆ. ಅವನು ಅಳುತ್ತಲೇ, “ಇಂಥ ಕಾರು ಇಟ್ಕೊಂಡೋರಿಗೆ ಇದೆಲ್ಲ ಗೊತ್ತೇ ಇರುತ್ತೆ ಅಂದ್ಕೊಂಡೆ. ಮೆಲ್ಲಗೆ ಓಡಿಸೋನಿಗೆ ಹಾಕ್ತಿದೀನಿ ಅಂತ ಅನ್ನಿಸ್ಲೇ ಇಲ್ಲ” ಎಂದ. ಆಮೇಲೆ ಯೋಚಿಸಿದೆ, ಅವನನ್ನೊಬ್ಬನನ್ನೇ ಬೈದು ಏನು ಬಂತು? ಟೈರು ಮಾಡಿದವರು, ಮಾರಿದವನು, ಬಸ್ಸಿನ ಪುಣ್ಯಾತ್ಮ, ನೀವು, ಎಲ್ಲರೂ ಅಂದುಕೊಂಡದ್ದು ಒಂದೇ. ಇಂಥ ಕಾರಿನಲ್ಲಿ ಅಮ್ಮನ ಕಣ್ಣು ನೋಯದಂತೆ ಹೋಗುವವನೊಬ್ಬ ಇರಬಹುದೆಂದು ಯಾರ ತಲೆಗೂ ಹೋಗಲಿಲ್ಲ. ವ್ಯತ್ಯಾಸವೆಂದರೆ, ಟೈರಿನವನು ಬಂದು ಅತ್ತು ಹೋದ.

ಆ ಹಲಗೆಯಿಂದ ಜನಕ್ಕೆ ಒಳ್ಳೆಯದಾಗುತ್ತಿದೆ, ನಿಮ್ಮ ತಮ್ಮ ಸತ್ತ ಮೇಲೂ ನಾಲ್ಕು ಜನಕ್ಕೆ ಉಪಯೋಗಕ್ಕೆ ಬಂದ ಎಂದಿರಿ. ಆ ಉಪಯೋಗದ ಕಥೆಯನ್ನೂ ಕೇಳಿ. ಈಚೆಗೆ ನನ್ನ ಅಂಗಡಿಗೆ ಮೇಷ್ಟ್ರೊಬ್ಬರು ಮಗಳಿಗೆ ಬೂಟು ಕೊಳ್ಳಲು ಬಂದಿದ್ದರು. ಗೋಡೆಯ ಮೇಲೆ ನನ್ನ ತಮ್ಮ ಕಾರಿಗೊರಗಿ ನಿಂತ ಚಿತ್ರ ನೋಡಿ, ತಮ್ಮಲ್ಲೂ ಅಂಥದ್ದೇ ಕಾರಿದೆ, ಟೈರೂ ಚಿತ್ರದಲ್ಲಿರುವ ಆ ನುಣುಪು ಬಗೆಯದೇ ಎಂದರು. “ಆದ್ರೆ ವೃತ್ತದಲ್ಲಿರೋ ಆ ಬೋರ್ಡ್ ನೋಡಿದ್ಮೇಲೆ ಬಹಳ ನಿಧಾನ ಓಡಿಸ್ತೀನಮ್ಮಾ. ಮಗಳು ಜೊತೇಲಿರ್ತಾಳಲ್ಲ” ಎಂದರು. ಅಯ್ಯೋ! ಮಳೆಗಾಲ ಬರುವ ಮೊದಲು ಟೈರು ಬದಲಾಯಿಸಿ ಎಂದು ಅವರ ಕೈ ಹಿಡಿದು ಬೇಡಿಕೊಂಡೆ. ನಿಧಾನ ಹೋದರೆ ಸಾಕು, ಕಾಲಿಗೆ ಏನು ಹಾಕಿಕೊಂಡರೂ ನಡೆಯುತ್ತದೆ ಎಂದು ನಿಮ್ಮ ಪೀಠ ದಿನಾ ಊರಿಗೆ ಪಾಠ ಹೇಳುತ್ತಿದೆ. ನನ್ನ ತಮ್ಮ ಸತ್ತದ್ದು ಅದೇ ಪಾಠವನ್ನು ನಂಬಿ.

ಇನ್ನು ಈ ಪತ್ರ ಬರೆಯಲು ನಿಜವಾದ ಕಾರಣಕ್ಕೆ ಬರುತ್ತೇನೆ. ಇದನ್ನು ಬರೆಯಲೋ ಬೇಡವೋ ಎಂದು ಬಹಳ ಒದ್ದಾಡಿದೆ. ಅಮ್ಮನೇ, “ಬರಿ. ಬರೆಯೋದಾದ್ರೆ ಪೂರ್ತಿ ಬರಿ, ನನ್ನ ಮಾತು ಬಿಟ್ಟು ಬರೀಬೇಡ” ಎಂದಳು. ಟೈರಿನವನು ಬಂದ ದಿನ ಅವಳು ಒಳಕೋಣೆಯಲ್ಲಿದ್ದಳು. ಮಲಗಿದ್ದಾಳೆ ಅಂದುಕೊಂಡಿದ್ದೆ, ಎಲ್ಲ ಕೇಳಿಸಿಕೊಂಡಿದ್ದಾಳೆ. ಅವನು ಹೋದ ಮೇಲೆ ಹೊರಗೆ ಬಂದು, “ಹಂಗಾದ್ರೆ ಅವನು ಸ್ವಲ್ಪ ಜೋರಾಗಿ ಹೋಗಿದ್ರೆ ಟೈರು ಬಿಸಿಯಾಗಿರೋದು. ಅಲ್ವೇನೇ?” ಎಂದು ಕೇಳಿದಳು. ಕಾರು ಹತ್ತಿದಾಗಿನಿಂದ ಆ ತಿರುವಿನವರೆಗೂ “ಮೆಲ್ಲಗೆ ಕಣೋ, ಮೆಲ್ಲಗೆ ಹೋಗೋ, ಕಣ್ಣು ಅಲುಗುತ್ತೆ” ಎನ್ನುತ್ತಲೇ ಇದ್ದಳಂತೆ. “ಆಯ್ತಮ್ಮ, ಮೆಲ್ಲಗೇ ಹೋಗ್ತಿದೀನಿ” ಎಂಬುದು ಅವನು ಅವಳ ಜೊತೆ ಆಡಿದ ಕೊನೆಯ ಮಾತು.

ಅಂದಿನಿಂದ ನಮ್ಮ ಮನೆಯಲ್ಲಿ ‘ನಿಧಾನ’ ಎಂಬ ಮಾತು ನಿಂತುಹೋಗಿದೆ. ನಾನು ಅಂಗಡಿಗೆ ಹೊರಟಾಗ ಬಾಗಿಲವರೆಗೂ ಬರುತ್ತಾಳೆ. ಮೊದಲೆಲ್ಲ “ನಿಧಾನ ಹೋಗಿ ಬಾ” ಎನ್ನದೆ ಕಳಿಸುತ್ತಿರಲಿಲ್ಲ. ಈಗ ತುಟಿ ಬಿಗಿಹಿಡಿದು ನಿಂತಿರುತ್ತಾಳೆ. ಟೈರಿನವನನ್ನು ಮತ್ತೆ ಕರೆಸಿ ಹೇಳಿಸಿದೆ. ಅಷ್ಟು ಸ್ವಲ್ಪ ದಾರಿಯಲ್ಲಿ, ಆ ಚಳಿಯಲ್ಲಿ ಅದು ಬಿಸಿಯಾಗುತ್ತಲೇ ಇರಲಿಲ್ಲ, ಜೋರಾಗಿ ಹೋಗಿದ್ದರೆ ಇನ್ನೂ ಬೇಗ ಜಾರುತ್ತಿತ್ತು, ಅಂಥ ಹವೆಗೆ ಆ ಟೈರೇ ಸರಿಯಲ್ಲ ಎಂದು ಅವನು ಬಿಡಿಸಿ ಬಿಡಿಸಿ ಹೇಳಿದ. ನಾನೂ ಹೇಳಿದೆ. “ನೀವಿಬ್ರೂ ನನ್ನ ಸಮಾಧಾನಕ್ಕೆ ಹೇಳ್ತೀರಿ” ಎಂದು ಎದ್ದು ಹೋದಳು. ಒಂದೊಂದು ದಿನ ನಿಮ್ಮ ಹಲಗೆಯನ್ನೇ ನಂಬಲು ನೋಡುತ್ತಾಳೆ. “ಅಷ್ಟು ದೊಡ್ಡದಾಗಿ ಬರೆಸಿದಾರೆ, ಸುಳ್ಳು ಬರೆಸ್ತಾರಾ? ನಂಗೆ ಕಣ್ಣು ಕಟ್ಟಿತ್ತು. ಅವನಿಗೆ ಅವಸರಾನೇ ಇತ್ತೇನೋ” ಎನ್ನುತ್ತಾಳೆ. ಹೆತ್ತ ಮಗನ ಮೇಲೆ ತಪ್ಪು ಹೊರಿಸಿದರೆ ಒಂದು ರಾತ್ರಿ ನಿದ್ದೆ ಬರುತ್ತದೆ, ಬೆಳಗಾದರೆ ಅದಕ್ಕೂ ನಾಚಿಕೆಪಟ್ಟು ಊಟ ಬಿಡುತ್ತಾಳೆ. ಅವಳನ್ನು ಈ ಗತಿಗೆ ತಂದದ್ದು ಲಾರಿಯಲ್ಲ, ಟೈರೂ ಅಲ್ಲ, ನೀವು ಯಾರನ್ನೂ ಕೇಳದೆ ಬರೆಸಿದ ಆ ಒಂದು ಸಾಲು.

ಆದ್ದರಿಂದ, ವರದಿಯನ್ನು ತಿದ್ದಿ, ಹಲಗೆಯನ್ನು ಕೀಳಿಸಿ, ಆ ಟೈರಿನ ಮೇಲೆ ನಿಮ್ಮ ಮುದ್ರೆ ಒತ್ತುವಾಗ ಚಳಿ ಮಳೆಯ ಎಚ್ಚರಿಕೆಯನ್ನು ಎಲ್ಲರಿಗೂ ಕಾಣುವಂತೆ ಬರೆಸಿ ಎಂದು ಕೇಳುತ್ತೇನೆ. ಇದಕ್ಕೆಲ್ಲ ಸಭೆ, ಸಮಿತಿ, ಕಡತ ಎಂದು ಕಾಲ ಹಿಡಿಯುತ್ತದೆ, ಗೊತ್ತು. ಅದಕ್ಕೆ ಮೊದಲು ಒಂದು ಕೆಲಸ ಮಾಡಿ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಮನೆಗೆ ಒಮ್ಮೆ ಬನ್ನಿ. ಸಮವಸ್ತ್ರ ಹಾಕಿಕೊಂಡು, ಟೋಪಿ ಇಟ್ಟುಕೊಂಡೇ ಬನ್ನಿ, ಅಮ್ಮ ನಂಬುವುದು ಅದನ್ನೇ. ನನ್ನ ಕ್ಷಮೆ ಕೇಳುವುದು ಬೇಡ. ಅವಳ ಎದುರಿಗೆ ಕೂತು, “ತಾಯೀ, ಮೆಲ್ಲಗೆ ಹೋಗು ಅಂತ ನೀವು ಹೇಳಿದ್ದು ಸರಿಯಾಗೇ ಇತ್ತು” ಎಂದು ಹೇಳಿ. ಅವಳು ತಿರುತಿರುಗಿ ಕೇಳುತ್ತಾಳೆ, ಬೇಸರಪಡದೆ ಮತ್ತೆ ಹೇಳಿ. ಕಾರನ್ನು ಬೇಕಾದರೆ ಆಮೇಲೆ ಇಳಿಸುವಿರಂತೆ.

ಇಂತಿ,
ನಿಮ್ಮ ಉತ್ತರವನ್ನಲ್ಲ, ನಿಮ್ಮನ್ನೇ ಕಾಯುತ್ತಿರುವ,
ಆ ಕೆಂಪು ಕಾರಿನವನ ಅಕ್ಕ