ಮುನ್ನೂರ ಇಪ್ಪತ್ತು ವಾಕ್ಯಗಳು

ಜೂನ್ 3, ಸೋಮವಾರ, ಬೆಳಿಗ್ಗೆ 11:20

ಎರಡು ಲ್ಯಾಪ್‌ಟಾಪ್ ಮುಗಿಸಿದೆ. ಒಂದಕ್ಕೆ ಚಹಾ ಕುಡಿಸಿದ್ದರು, ಇನ್ನೊಂದರ ಮುಚ್ಚಳ ಕಿತ್ತು ಬಂದಿತ್ತು. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅಣ್ಣ, ಅತ್ತಿಗೆ ತಮ್ಮ ಲ್ಯಾಪ್‌ಟಾಪ್ ಹಿಡಿದು ಅಂಗಡಿಗೆ ಬಂದರು. ಅಣ್ಣನ ಕುತ್ತಿಗೆಗೆ ತೆಳು ಬಟ್ಟೆ. ಆಪರೇಷನ್ ಆಗಿ ನಲವತ್ತು ದಿನ. ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದಾರೆ. ಈಗ ಮಾತೆಲ್ಲ ಒಂದು ಪುಟ್ಟ ಬಿಳಿ ಹಲಗೆಯ ಮೇಲೆ.

“ಆನ್ ಮಾಡಿ, ಬಟ್ಟೆ ಒಗೆದು ಹರವಿ ಬರ್ತೀನಿ, ಇನ್ನೂ ಸುತ್ತುತ್ತಾನೇ ಇರತ್ತೆ,” ಅಂದರು ಅತ್ತಿಗೆ. “ಇವರ ಫೈಲ್ ತೆಗೆಯೋಕೆ ಹೋದ್ರಂತೂ ಹ್ಯಾಂಗ್.”

ಫೈಲ್ ಎಂದರೆ ಅಣ್ಣನ ದನಿ. ಆಪರೇಷನ್‌ಗೆ ಮುಂಚೆ ಹದಿನಾರು ದಿನ ಕೂತು ಮುನ್ನೂರ ಇಪ್ಪತ್ತು ವಾಕ್ಯ ಓದಿ ರೆಕಾರ್ಡ್ ಮಾಡಿದ್ದ. ಅದನ್ನು ಒಂದು ಆ್ಯಪ್‌ಗೆ ಕೊಟ್ಟರೆ, ಅವನು ಟೈಪ್ ಮಾಡಿದ್ದನ್ನು ಅವನದೇ ದನಿ ಹೇಳುತ್ತದಂತೆ. ಗಾಯ ಮಾಗಿದೆ, ಮುಂದಿನ ವಾರ ಫೈಲ್ ತನ್ನಿ ಎಂದಿದ್ದಾರೆ ಆಸ್ಪತ್ರೆಯ ಮಾತಿನ ಟೀಚರ್.

ಮೊದಲು ಕೇಳಬೇಕಾದದ್ದನ್ನು ಮೊದಲೇ ಕೇಳಿದೆ. “ಕಾಪಿ ಇದೆ ತಾನೇ?”

ಹುಬ್ಬೇರಿಸಿದ. ಹಲಗೆಯಲ್ಲಿ ಬರೆದ: “ನೀನು ಹೇಳಿಕೊಟ್ಟ ಹಾಗೇ ಇಟ್ಟಿದೀನಿ, ಮಹಾತಾಯಿ.”

ಮೂವರೂ ನಕ್ಕೆವು. ಅಣ್ಣ ಈಗ ನಕ್ಕರೆ ಭುಜ ಮಾತ್ರ ಕುಣಿಯುತ್ತದೆ. ನೋಡಿ ಇನ್ನೂ ಅಭ್ಯಾಸವಾಗಿಲ್ಲ.

ಜೂನ್ 3, ಮಧ್ಯಾಹ್ನ 2:00

ವೈರಸ್ ಇಲ್ಲ. ಮೆಮೊರಿ ಸರಿ. ಫ್ಯಾನ್ ತುಂಬ ಧೂಳು, ಆದರೆ ಅದಲ್ಲ. ಏನೂ ಓಡಿಸದಿದ್ದರೂ ಡಿಸ್ಕ್ ಬಳಕೆ ನೂರಕ್ಕೆ ನೂರು. ಹೆಲ್ತ್ ರಿಪೋರ್ಟ್ ತೆಗೆದೆ — ಓದಲಾಗದ ಜಾಗಗಳು ಸಾವಿರದ ಮೇಲೆ. ಕಿವಿಯಿಟ್ಟು ಕೇಳಿದೆ. ಸಣ್ಣಗೆ ಟಿಕ್... ಟಿಕ್... ಹಾರ್ಡ್ ಡಿಸ್ಕ್ ಹೋಗುತ್ತಿದೆ.

ವಾರಂಟಿ ಇನ್ನೂ ಎರಡು ತಿಂಗಳಿದೆ. ಬದಲಿ ಕೊಡಲು ಕಂಪನಿಯವರಿಗೆ, ಡಿಸ್ಕನ್ನು ಗಂಟೆಗಟ್ಟಲೆ ಓಡಿಸುವ ಪೂರ್ತಿ ಟೆಸ್ಟಿನ ರಿಪೋರ್ಟ್ ಬೇಕು. ಸಾಯುತ್ತಿರುವ ಡಿಸ್ಕ್‌ಗೆ ಆ ಟೆಸ್ಟ್ ಹಾಕಬಾರದು, ಮೊದಲು ಡೇಟಾ ತೆಗೆಯಬೇಕು. ಗೊತ್ತಿಲ್ಲದ್ದೇನಲ್ಲ. ಆದರೆ ಕಾಪಿ ಇದೆಯಲ್ಲ. ಹಾಕಿದೆ.

ಸಂಜೆ 6:10

ಅರವತ್ತೆರಡು ಪರ್ಸೆಂಟ್‌ಗೆ ಕಟಕಟ ಶುರುವಾಯಿತು. ಆಮೇಲೆ ಸುಮ್ಮನಾಯಿತು. ಈಗ ಕಂಪ್ಯೂಟರಿಗೆ ಡಿಸ್ಕ್ ಇರುವುದೇ ಕಾಣಿಸುತ್ತಿಲ್ಲ. ಪೀಡೆ ತೊಲಗಿತು. ನಾಳೆ ಹೊಸದು ಹಾಕಿದರೆ ಆಯಿತು.

ಜೂನ್ 4, ಮಂಗಳವಾರ

ಸದ್ಯಕ್ಕೆ ಅಂಗಡಿಯಲ್ಲಿದ್ದ ಹೊಸ ಡಿಸ್ಕ್ ಹಾಕಿ, ಎಲ್ಲ ಸಿದ್ಧ ಮಾಡಿ, ಅಣ್ಣನ ಮನೆಗೆ ಹೋದೆ. ಹತ್ತು ಸೆಕೆಂಡಿನಲ್ಲಿ ಆನ್ ಆಗುವುದನ್ನು ತೋರಿಸಿ ಜಂಬ ಕೊಚ್ಚಿಕೊಂಡೆ. ಅತ್ತಿಗೆ ಚಪ್ಪಾಳೆಯನ್ನೂ ತಟ್ಟಿದರು.

“ಎಲ್ಲಿ, ಆ ಕಾಪಿ ಕೊಡು. ಪೆನ್ ಡ್ರೈವೋ, ಏನು?”

ಅಣ್ಣ ಲ್ಯಾಪ್‌ಟಾಪನ್ನೇ ತನ್ನ ಕಡೆ ತಿರುಗಿಸಿಕೊಂಡ. ಏನೋ ಹುಡುಕಿದ. ಮತ್ತೆ ಹುಡುಕಿದ. ಹಲಗೆ ತೆಗೆದುಕೊಂಡ: “ಡಿ ಡ್ರೈವ್ ಎಲ್ಲಿ?”

“ಯಾವ ಡಿ ಡ್ರೈವ್?”

“ಡೆಸ್ಕ್‌ಟಾಪಲ್ಲಿ ಒಂದು, ಡಿ ಡ್ರೈವಲ್ಲಿ ಒಂದು ಕಾಪಿ. ಸಿ ಹೋದ್ರೂ ಡಿ ಉಳಿಯುತ್ತೆ ಅಂತ ನೀನೇ ಹೇಳಿದ್ದು.”

ಹೇಳಿದ್ದೆ. ಅಣ್ಣನಿಗೊಬ್ಬನಿಗೇ ಅಲ್ಲ. ಇಪ್ಪತ್ತು ವರ್ಷದಿಂದ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇನೆ. ವಿಂಡೋಸ್ ಕೆಟ್ಟು ಹೊಸದಾಗಿ ಹಾಕುವಾಗ ಸಿ ಮಾತ್ರ ಅಳಿಸುತ್ತೇವೆ, ಅದಕ್ಕೆ ಮುಖ್ಯವಾದದ್ದೆಲ್ಲ ಡಿಯಲ್ಲಿರಲಿ ಎಂದು. ಎರಡೂ ಒಂದೇ ಡಿಸ್ಕ್, ಒಂದೇ ಕೋಣೆಗೆ ನಡುವೆ ಪರದೆ ಕಟ್ಟಿದ ಹಾಗೆ ಎಂದು ಯಾವತ್ತೂ ಬಿಡಿಸಿ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

“ಲ್ಯಾಬ್‌ಗೆ ಕಳಿಸ್ತೀನಿ ಅಣ್ಣ, ಅಲ್ಲಿ ತೆಗೀತಾರೆ,” ಅಂದೆ. ತಲೆಯಾಡಿಸಿದ. ನಂಬಿದ. ಟೆಸ್ಟ್ ಹಾಕಿದ್ದನ್ನು ಹೇಳಲಿಲ್ಲ.

ಜೂನ್ 5

ಹಳೆಯ ಡಿಸ್ಕನ್ನು ಡೇಟಾ ತೆಗೆಯುವ ಲ್ಯಾಬ್‌ಗೆ ನಾನೇ ಒಯ್ದು ಕೊಟ್ಟೆ. ಅಲ್ಲಿಯವನು ಫಾರಂ ತುಂಬುತ್ತಾ ಕೇಳಿದ, “ಟೆಸ್ಟು ಗಿಸ್ಟು ಏನೂ ಓಡಿಸಿಲ್ಲ ತಾನೇ, ಮೇಡಂ?”

“ಇಲ್ಲ,” ಅಂದೆ.

ಮೆಟ್ಟಿಲು ಇಳಿಯುವಾಗ ನನ್ನ ಮೇಲೆ ನನಗೇ ಹೇಸಿಗೆ. ಹಿಂದಿರುಗಿ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ.

ಜೂನ್ 19, ಬುಧವಾರ

ಲ್ಯಾಬ್‌ನಿಂದ ಫೋನ್. ಡಿಸ್ಕಿನೊಳಗೆ ಡೇಟಾ ಕೂರುವ ತಟ್ಟೆಯೆಲ್ಲ ಗೀಚಿಹೋಗಿದೆಯಂತೆ. ಒಂದು ಫೈಲೂ ಇಲ್ಲ.

“ಇಷ್ಟು ಕೆರೆದಿದೆ ಅಂದ್ರೆ, ಕೆಟ್ಟ ಮೇಲೂ ಯಾರೋ ಗಂಟೆಗಟ್ಟಲೆ ಓಡ್ಸಿದಾರೆ ಮೇಡಂ.”

“ನಾನೇ,” ಅಂದೆ. ಫೋನ್ ಇಟ್ಟೆ.

ಬಾಗಿಲು ಎಳೆದುಕೊಂಡು ಅಂಗಡಿಯೊಳಗೇ ಅತ್ತೆ. ಹೊರಗೆ ಯಾರೋ ಎರಡು ಸಲ ತಟ್ಟಿ ಹೋದರು.

ಜೂನ್ 20

ನನ್ನ ಫೋನ್ ಜಾಲಾಡಿದೆ. ಅಣ್ಣ ವಾಯ್ಸ್ ಮೆಸೇಜ್ ಕಳಿಸುವವನೇ ಅಲ್ಲ, ನೇರ ಫೋನ್ ಮಾಡಿ ಬೈಯುವವನು. ಸಿಕ್ಕಿದ್ದು ಒಂದೇ, ಹನ್ನೊಂದು ಸೆಕೆಂಡು. “ಬರ್ತಾ ಹಾಲು ತಗೊಂಡ್ ಬಾ. ದೊಡ್ಡ ಪ್ಯಾಕೆಟ್. ಮರೀಬೇಡ, ನಿನ್ನ ಹಣೆಬರಹ ನಂಗೊತ್ತು.” ಹಿಂದೆ ಬಸ್ಸಿನ ಹಾರ್ನ್. ಎಷ್ಟು ಸಲ ಕೇಳಿದೆನೋ.

ಮಾತಿನ ಟೀಚರ್‌ಗೆ ಕಳಿಸಿದೆ. ಕನಿಷ್ಠ ಅರ್ಧ ಗಂಟೆಯ ಸ್ಪಷ್ಟ ಮಾತು ಬೇಕು, ಇದರಲ್ಲಿ ಆಗುವುದಿಲ್ಲ ಎಂದರು. ಅಣ್ಣನ ಮದುವೆ ವಿಡಿಯೋದಲ್ಲಿ ಬರೀ ವಾದ್ಯದ ಗಲಾಟೆ, ಅದೂ ಬೇಡವೆಂದರು. ತಯಾರು ದನಿಗಳಿವೆಯಂತೆ. ಆರಿಸಿಕೊಳ್ಳಬಹುದಂತೆ.

ಜೂನ್ 22, ಶನಿವಾರ

ಹೇಳಿಬಿಟ್ಟೆ. ಅವರ ಊಟದ ಮೇಜಿನ ಮುಂದೆ, ನಿಂತೇ. ಡಿ ಡ್ರೈವ್‌ನ ವಿಷಯ, ಟೆಸ್ಟಿನ ವಿಷಯ, ಲ್ಯಾಬ್‌ನಲ್ಲಿ ಸುಳ್ಳು ಹೇಳಿದ್ದು, ಎಲ್ಲ.

ಅಣ್ಣ ಬರೆದ. ಒರೆಸಿದ. ಬರೆದ, ಒರೆಸಿದ. ಕೊನೆಗೆ ಹಲಗೆ ನನ್ನ ಕಡೆ ತಿರುಗಿಸಿದ.

“ಟೆಸ್ಟ್ ಹಾಕದಿದ್ರೆ ಸಿಗ್ತಿತ್ತಾ?”

ಹೇಳಲಾಗದು ಎನ್ನಬಹುದಿತ್ತು. ಗಿರಾಕಿಗಳಿಗೆ ಹಾಗೇ ಹೇಳುತ್ತೇನೆ.

“ಹೂಂ,” ಅಂದೆ. “ಬಹುಮಟ್ಟಿಗೆ ಎಲ್ಲಾ ಸಿಗ್ತಿತ್ತು.”

ಹಲಗೆ ಮಗುಚಿಟ್ಟ.

ಅತ್ತಿಗೆ ಹೇಳಿದರು, “ಕೊನೇ ದಿನ ನನ್ನ ಹೆಸರು ಕರೆದು ಮೂರು ಸಲ ರೆಕಾರ್ಡ್ ಮಾಡಿದ್ರು. ಒಂದು ಸಿಟ್ಟಲ್ಲಿ, ಒಂದು ಸಾದಾ, ಒಂದು...” ಅಲ್ಲಿಗೇ ನಿಲ್ಲಿಸಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಕ್ಷಮಿಸು ಎನ್ನದೆಯೇ ಚಪ್ಪಲಿ ಮೆಟ್ಟಿ ಹೊರಟುಬಂದೆ.

ಜುಲೈ 9, ಮಂಗಳವಾರ, ಬೆಳಿಗ್ಗೆ 10:40

ಅವತ್ತಿನಿಂದ ಅವರ ಮನೆ ಕಡೆ ಹೋಗಿಲ್ಲ. ಅವರೂ ಬಂದಿಲ್ಲ.

ಈಗಷ್ಟೇ ಫೋನ್. ಬಾಯಲ್ಲಿ ಸ್ಕ್ರೂ, ಕೈಯಲ್ಲಿ ಸ್ಕ್ರೂಡ್ರೈವರ್. ನಂಬರ್ ನೋಡದೆ ಎತ್ತಿ ಸ್ಪೀಕರ್‌ಗೆ ಹಾಕಿದೆ.

“ಅಂಗಡಿ ತೆರೆದಿದ್ದೀಯಾ?”

ಗಂಡಸಿನ ದನಿ. ನಯವಾದದ್ದು, ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಹಾಗೆ. ಏಕವಚನದಲ್ಲಿ ಬೇರೆ. ಸಿಟ್ಟು ಬಂತು.

“ಯಾರ್ರೀ ಅದು? ಯಾರು ಮಾತಾಡ್ತಿರೋದು?”

ಆ ಕಡೆಯಿಂದ ಟಪಟಪ ಟೈಪ್ ಮಾಡುವ ಸದ್ದು. ನಿಂತಿತು. ಮತ್ತೆ ಟಪಟಪ.

“ನಾನು ಕಣೇ,” ಎಂದಿತು ಆ ದನಿ. “ಅಣ್ಣ.”

ನಾನು ಅವನನ್ನು, ಯಾರು ಎಂದು —