ಮುಳುಗಿದ ರಸ್ತೆಗೆ ಒಂದು ಎಂಜಿನ್

೨-೧೦-೧೯೬೬, ಭಾನುವಾರ. ಸಾಗರ

ಅಣೆಕಟ್ಟು ಕಟ್ಟುವಾಗ ಸರ್ಕಾರ ಕೊಡುತ್ತೇವೆ ಎಂದದ್ದು: ಎಕರೆಗೆ ಎಕರೆ. ಹೊಸ ಊರಿಗೆ ರಸ್ತೆ. ಹಿನ್ನೀರು ದಾಟಲು ಲಾಂಚ್.

ಕೊಟ್ಟದ್ದು: ನೋಟೀಸು. ದೋಣಿ, ತೆಪ್ಪ ಹಾಕಿದರೆ ಕೇಸು.

ಲಾಂಚ್ ಇಲ್ಲವಂತೆ. ನೀರಿನಡಿ ಮರದ ಬೊಡ್ಡೆಗಳಿವೆ, ತಳ ಒಡೆಯುತ್ತದೆ — ಎಂಜಿನಿಯರ್ ಸಾಹೇಬರ ಬರವಣಿಗೆ. ಸುಳ್ಳು. ನಮ್ಮೂರ ಗಾಡಿರಸ್ತೆ ನೀರಿನಡಿ ಹಾಗೇ ಇದೆ. ರಸ್ತೆಯ ಮೇಲೆ ಯಾವ ಮರ ಬೆಳೆಯುತ್ತದೆ? ಲಾಂಚ್ ಅದರ ಮೇಲೇ ಹೋಗಲಿ.

ತೋರಿಸುತ್ತೇನೆ. ಮನುಷ್ಯ ಕೂತ ದೋಣಿಗೆ ತಾನೆ ಕೇಸು? ನನ್ನದು ಎರಡಡಿಯ ಆಟಿಕೆ ಬೋಟು. ರೇಡಿಯೋ ರಿಪೇರಿ ನನ್ನ ಕಸುಬು; ದಡದಲ್ಲಿ ನಿಂತು ನಾನೇ ಕಟ್ಟಿದ ಟ್ರಾನ್ಸ್‌ಮಿಟರ್ ಬಟನ್ ಒತ್ತಿದರೆ ತಿರುಗುವುದು. ಬೋಟಿನ ತಳಕ್ಕೆ ನಾಲ್ಕಡಿ ಹಗ್ಗ, ಲಾಂಚಿನ ತಳ ಮುಳುಗುವಷ್ಟು; ತುದಿಯಲ್ಲಿ ಮುರಿದ ನೇಗಿಲ ಕುಳದ ತುಂಡು. ಕುಳ ಎಲ್ಲೂ ಸಿಕ್ಕದೆ ಆಚೆ ದಡ ಮುಟ್ಟಿದರೆ ಲಾಂಚೂ ಮುಟ್ಟುತ್ತದೆ.

ನಿನ್ನೆ ಕಲ್ಕತ್ತೆಯಿಂದ ಎಂಜಿನ್ ಪಾರ್ಸಲ್ ಬಂತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು.

೫-೧೦, ಬೆಳಿಗ್ಗೆ ೭

ಎಂಜಿನ್ನಿಗೆ ಎಣ್ಣೆ: ಹರಳೆಣ್ಣೆ, ಸೀಮೆಎಣ್ಣೆ, ಈಥರ್ — ಸಮ ಸಮ. ಈಥರ್, ಆಪರೇಷನ್ನಿಗೆ ಮತ್ತು ಬರಿಸುವಂಥದ್ದು, ಔಷಧಿ ಅಂಗಡಿಯ ಮುಕುಂದಯ್ಯ ಕೊಟ್ಟ. "ಯಾರನ್ನ ಮಲಗಿಸ್ತೀರಿ ಮಾರಾಯ್ರೇ?"

"ಎಬ್ಬಿಸ್ಬೇಕು" ಎಂದೆ.

ಹೊಸ ಎಂಜಿನ್, ಪಿಸ್ಟನ್ ಬಿಗಿ. ಒಮ್ಮೆಲೇ ಜೋರು ಓಡಿಸಬಾರದು. ಎಣ್ಣೆ ಬಿಡುವ ಸೂಜಿ-ತಿರುಪು ಸಡಿಲ ಬಿಟ್ಟು, ಎಣ್ಣೆ ಹೆಚ್ಚು ಕುಡಿಸಿ, ಎರಡು ನಿಮಿಷ ಓಡಿಸು. ಆರಲು ಬಿಡು. ಮತ್ತೆ ಎರಡು ನಿಮಿಷ. ಹೊಗೆಕೊಳವೆಯಿಂದ ಕಪ್ಪೆಣ್ಣೆ ಬರುತ್ತದೆ. ಅದು ತಿಳಿಯಾದರೆ ಎಂಜಿನ್ ಪಳಗಿತು — ಜೊತೆಗಿದ್ದ ಚೀಟಿಯಲ್ಲಿ ಹಾಗಿದೆ.

ಬೆಂಚಿಗೆ ಬೋಲ್ಟು ಹಾಕಿ ಹಗ್ಗ ಎಳೆದೆ. ಹದಿನೇಳನೆಯ ಎಳೆತಕ್ಕೆ ಹಿಡಿಯಿತು. ಬೆರಳು ಸೀಳಿತು. ಪಕ್ಕದ ಮನೆಯ ವರದಮ್ಮ ಕಿಟಕಿ ಮುಚ್ಚಿದರು. ಈ ಬೀದಿಯಲ್ಲಿ ನನಗೆ ಸಿಗುವ ಉತ್ತರ ಅಷ್ಟೇ.

೧೧-೧೦

ಅಕ್ಕ ಕೆರಿಯಮ್ಮ ಬಂದಿದ್ದಳು. ನಮ್ಮೂರಲ್ಲಿ ಮುಳುಗದೆ ಉಳಿದ ಆಚೆ ದಡದ ಗುಡ್ಡದಿಂದ, ಬಚ್ಚಿಟ್ಟ ತೆಪ್ಪದಲ್ಲಿ. ಎಂಜಿನ್ ನೋಡಿ, "ಊರು ಮುಳುಗ್ತು, ತಮ್ಮ ಗಿರ್ರನೆ ತಿರುಗೋ ಗಿರಗಟ್ಲೆ ಮಾಡ್ತಾ ಕೂತಾನೆ" ಎಂದಳು. ನಕ್ಕೆ.

ಆಮೇಲೆ ಹೇಳಿದಳು. ಗುಡ್ಡದ ಹನ್ನೊಂದು ಮನೆಯಲ್ಲಿ ಏಳು ಖಾಲಿ. "ತಮ್ಮಾ ಗುತ್ಯಾ, ಲಾಂಚ್ ಬರಾದು ಯಾವಾಗ? ನಾವ್ ಯಾರೂ ಇಲ್ದಿದ್ದಾಗಲಾ?"

ಹದಿನೈದು ವರ್ಷದ ಹಿಂದೆ ಉಳುವ ಹಕ್ಕಿಗೆ ಊರಿಗೆ ಊರೇ ಜೈಲಿಗೆ ಹೋಗಿತ್ತು. ಗೆದ್ದ ಗದ್ದೆ ಈಗ ನೀರಲ್ಲಿ. ಜೈಲಿಗೆ ಜೊತೆ ಬಂದವರು ಎಲ್ಲೆಲ್ಲೋ.

ಅದೇ ದಿನ, ಸಂಜೆ

ತಾಳ್ಮೆ ಕೆಟ್ಟಿತು. ತಿರುಪು ಬಿಗಿದೆ. ಒಂದು ಕ್ಷಣ ಎಂಥ ಕೂಗು... ಪಿಸ್ಟನ್ ಸಿಕ್ಕಿ ಹಿಡಿದುಕೊಂಡಿತು. ಸುಟ್ಟ ವಾಸನೆ. ತಿರುಗಿಸಿದರೆ ತಿರುಗದು.

ಮೂರ್ಖ.

೧೬-೧೧

ಐದು ವಾರ ಬರೆದಿಲ್ಲ. ಬಿಚ್ಚಿದೆ. ಸೀಮೆಎಣ್ಣೆಯಲ್ಲಿ ನೆನೆಸಿ, ಗೀರು ಉಜ್ಜಿ, ಮೊದಲಿಂದ ಶುರು. ಎರಡು ನಿಮಿಷ. ಆರಲು ಬಿಡು. ಎರಡು ನಿಮಿಷ. ರೇಡಿಯೋ ರಿಪೇರಿಗೆ ಬಂದವರು ಸದ್ದಿಗೆ ವಾಪಸು ಹೋದರು.

ಇವತ್ತು ಕೊಳವೆಗೆ ಬಿಳಿ ಕಾಗದ ಹಿಡಿದೆ. ಹನಿ ತಿಳಿ. ತೋರಿಸಲು ಯಾರೂ ಇರಲಿಲ್ಲ. ಕಾಗದವನ್ನು ಗೋಡೆಗೆ ಅಂಟಿಸಿದೆ.

೨೪-೧೧, ಗುರುವಾರ

ದಡಕ್ಕೆ ಬಂದು ನೋಡಿ ಎಂದು ಬರೆದಿದ್ದೆ; ಎಂಜಿನಿಯರ್ ಬರಲಿಲ್ಲ. ಸೋಮವಾರ ಹನ್ನೊಂದಕ್ಕೆ ಹೊಸನಗರದ ಕಚೇರಿಗೆ ತಂದು ತೋರಿಸಲಿ — ಹೇಳಿ ಕಳಿಸಿದ್ದಾರೆ. ನೀರು ಬಿಟ್ಟು ಕಚೇರಿಗೆ!

ಬೋಟು ಬಿಟ್ಟೇ ಬಿಟ್ಟೆ. ಅರ್ಧ ಮೈಲಿ ಆಚೆ, ಹಳೇ ರಸ್ತೆ ನೀರಿನಿಂದ ಮೇಲೇಳುವಲ್ಲಿ ಅಕ್ಕನ ಕೆಂಪು ಸೀರೆ. ಕೆರೆಕಟ್ಟೆಯ ತಿರುವಿನಲ್ಲಿ ಬಟನ್ ಒತ್ತಿದೆ, ಎಡಕ್ಕೆ. ಅಲ್ಲಿ ಈಗ ಕಟ್ಟೆಯೂ ಇಲ್ಲ, ತಿರುವೂ ಇಲ್ಲ. ನನ್ನ ಕಾಲಿಗೆ ನೆನಪಿದೆ. ಕುಳ ಸಿಕ್ಕಲಿಲ್ಲ. ಎಂಜಿನ್ ಒಂದೇ ಶ್ರುತಿ.

ಮುಟ್ಟಿತು. ಅಕ್ಕ ಅದನ್ನು ತಲೆಯ ಮೇಲೆತ್ತಿ ಹಿಡಿದಳು. ಏನೋ ಕೂಗಿದಳು. ಕೇಳಲಿಲ್ಲ.

ಆಮೇಲೆ ಹೊಳೆಯಿತು. ಹೋಗುವುದಕ್ಕೆ ಮಾತ್ರ ಎಣ್ಣೆ ಅಳೆದಿದ್ದೆ. ಬೋಟು ಅಲ್ಲಿ. ನಾನು ಇಲ್ಲಿ.

೨೬-೧೧

ಅಕ್ಕನ ನೆರೆಮನೆಯ ಬೆಳ್ಳಪ್ಪ ಬಂದ. ಗಂಟುಮೂಟೆ ಸಮೇತ. ತೀರ್ಥಹಳ್ಳಿಗೆ, ಹೆಂಡತಿಯ ತವರಿಗೆ.

"ಬಿಟ್ ಹೊರಟೋರಲ್ಲಿ ನಾವೇ ಕಡೇರು ಗುತ್ಯಪ್ಪಣ್ಣ. ಇನ್ ಗುಡ್ಡದ್ ಮೇಲೆ ನಿಮ್ಮಕ್ಕ ಒಬ್ಳೇ." ಮುಖ ನೋಡಲಿಲ್ಲ. "ಬೋಟು ಕೊಡು, ತಗೊಂಡ್ ಹೋಗ್ತೀನಿ ಅಂದೆ. ಕೊಡ್ಲಿಲ್ಲ. ಸೋಮವಾರ ತಾನೇ ತರ್ತಾಳಂತೆ. ಹಾಡಹಗಲೇ, ತೆಪ್ಪದಲ್ಲಿ, ಅದೇ ದಾರೀಲಿ. ಕೇಸ್ ಹಾಕಾರು ದಡದಲ್ಲೇ ನಿಂತಿರ್ಲಿ ಅಂದ್ಳು."

ಒಬ್ಬಳಿಗಾಗಿ ಲಾಂಚ್ ಬಿಡುತ್ತಾರೆಯೇ? ಕೇಳುತ್ತೇನೆ. ಒಬ್ಬಳನ್ನೇ ಉಳಿಸಿದವರು ಯಾರು ಎಂದೂ ಕೇಳುತ್ತೇನೆ.

ಎಣ್ಣೆ ಬೆರೆಸಿಟ್ಟಿದ್ದೇನೆ. ಈ ಸಲ ಹೋಗಿ ಬರುವಷ್ಟು. ಸೋಮವಾರ ಬೆಳಿಗ್ಗೆ ಏಳಕ್ಕೇ ದಡದಲ್ಲಿ ನಿಲ್ಲುತ್ತೇನೆ, ಅವಳು ಇಳಿಯುವಲ್ಲಿ. ಅಲ್ಲಿಂದ ಇಬ್ಬರೂ ಹೊಸನಗರದ ಕಚೇರಿಗೆ. ನವೆಂಬರ್ ೨೮, ಹನ್ನೊಂದು ಗಂಟೆಗೆ ಸಾಹೇಬರ ಮೇಜಿನ ಮೇಲೆ ಬೋಟು.